ಕಪ್ಪಗಿರುವುದೆಲ್ಲ ಚಾಕೊಲೇಟಲ್ಲ

ನಮ್ಮನೆಯವರ ಬಗ್ಗೆ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು, ಅವರು ಒಳ್ಳೆಯವರು. ಎರಡನೆಯದಾಗಿ ಹೇಳುವುದು, ಅವರು ಹಿಡಿದ ಮೊಲಕ್ಕೆ ಮೂರೇ ಕಾಲು. ನಾಲ್ಕನೆಯ ಕಾಲನ್ನು ನೀವು ಕೈಯಲ್ಲಿ ಹಿಡಿದು ತೋರಿಸಿದರೂ ಅದು ಬಾಲ ಎನ್ನುತ್ತಾರೆ. ಇಂಥವರ ಜೊತೆ ಇಷ್ಟು ವರ್ಷ ಸಂಸಾರ ಮಾಡಿದ ನನಗೆ ಬಿಪಿ ಬರಲಿಲ್ಲ, ಅವರಿಗೆ ಬಂತು. ನ್ಯಾಯವೇ ಇದು?

ಅವರು ಬೇಕರಿಯಲ್ಲಿ ಮಾಸ್ಟರ್. ಅಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ಮಾಲೀಕರೂ ಮಾಸ್ಟರ್ ಎಂದೇ ಅನ್ನುವುದು. ಮೀಸೆ ಮೂಡುವ ವಯಸ್ಸಿನಲ್ಲಿ ಟ್ರೇ ತೊಳೆಯಲು ಸೇರಿದವರು. ಓದು ಅರ್ಧಕ್ಕೇ ನಿಂತಿತ್ತು, ಅಕ್ಷರದ ಮೇಲಿನ ಆಸೆ ಮಾತ್ರ ನಿಂತಿರಲಿಲ್ಲ. ಪಾತ್ರೆಯ ಅಂಚಿನಲ್ಲಿ ಉಳಿದ ಕ್ರೀಮನ್ನು ಬಟರ್ ಪೇಪರಿನ ಕೋನಿಗೆ ತುಂಬಿಕೊಂಡು, ತೊಳೆದ ಟ್ರೇಯ ಬೆನ್ನಿನ ಮೇಲೆ ಬರೆಯುವುದು, ಕೆರೆಯುವುದು, ಮತ್ತೆ ಬರೆಯುವುದು. ಹಾಗೆ ಕಲಿತ ಕೈ ಅದು. ಈಗ ಯಾವ ಮಗುವಿನ ಹುಟ್ಟುಹಬ್ಬವಾದರೂ, ಯಾರ ಮದುವೆಯ ವರ್ಷಾಚರಣೆಯಾದರೂ, ಕೇಕಿನ ಮೇಲೆ ಹೆಸರು ಬರೆಯಲು ಅವರೇ ಬೇಕು. ಕರಗಿಸಿದ ಚಾಕೊಲೇಟು ಕೋನಿನ ತುದಿಯಿಂದ ದಾರದ ಹಾಗೆ ಇಳಿಯುತ್ತಿರುವಾಗ ಅವರು ಉಸಿರು ಬಿಡುವುದಿಲ್ಲ, ಎದುರಿಗೆ ನಿಂತವರಿಗೂ ಉಸಿರು ಬಿಡಲು ಬಿಡುವುದಿಲ್ಲ. ಕೊನೆಯ ಅಕ್ಷರಕ್ಕೆ ಒಂದು ಸುಳಿ ಎಳೆದು ಕೋನು ಎತ್ತಿದ ಮೇಲೆಯೇ, 'ಹೂಂ, ತಗೊಂಡು ಹೋಗಿ' ಎನ್ನುವುದು. ಗಂಡನನ್ನು ಹೊಗಳಬಾರದು, ತಲೆಗೇರುತ್ತದೆ. ಆದರೂ ಹೇಳುತ್ತೇನೆ, ಅಂಥ ಕೈ ನಾನು ಬೇರೆ ಕಂಡಿಲ್ಲ.

ಆದರೆ ಬೇಕರಿಯವರಿಗೆ ಒಂದು ಶಾಪವಿದೆ. ಅವರು ಮಾಡಿದ್ದನ್ನು ಎಲ್ಲರೂ ಚಪ್ಪರಿಸಿಕೊಂಡು ತಿನ್ನುತ್ತಾರೆ, ಕೈ ಒರೆಸಿಕೊಂಡ ಮೇಲೆ ಬೈಯುತ್ತಾರೆ. ಇವರ ಸ್ವಂತ ಅಕ್ಕನೇ, ಮನೆಗೆ ಬಂದಾಗಲೆಲ್ಲ ಎರಡನೆಯ ತುಂಡು ಕೇಕನ್ನು ಬಾಯಲ್ಲಿಟ್ಟುಕೊಂಡೇ, 'ನಿನ್ನಿಂದಾನೇ ಕಣೋ ಈ ಬೀದೀಲಿ ಇಷ್ಟು ಜನಕ್ಕೆ ಶುಗರ್ ಬಂದಿರೋದು' ಎನ್ನುತ್ತಾರೆ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದಾಗ ಇವರು ನೋಡಲು ಹೋದರು. ಮೇಷ್ಟ್ರು ನಗುತ್ತಾ, 'ಒಂದು ಸ್ಟೆಂಟ್ ನಿಮ್ಮ ಬಿಸ್ಕತ್ತಿಗೆ, ಇನ್ನೊಂದು ನಿಮ್ಮ ಕೇಕಿಗೆ' ಎಂದರಂತೆ. ತಮಾಷೆಗೆ ಅಂದದ್ದು. ಇವರು ಮನೆಗೆ ಬಂದು ಊಟ ಬೇಡ ಎಂದು ಗೋಡೆ ಕಡೆ ತಿರುಗಿ ಮಲಗಿದರು. 'ರೀ, ಅವರೇನು ಎತ್ತಿ ಆಡಿದ್ರಾ, ನಗೋಕೆ ಹೇಳಿದ್ದಲ್ವಾ' ಎಂದರೆ, 'ನಗೋಕೇ ಕಣೇ. ಎಲ್ರೂ ನಗೋಕೇ ಹೇಳೋದು' ಎಂದರು.

ಆಹಾರ ಮುಟ್ಟುವ ಕೆಲಸದವರು ವರ್ಷಕ್ಕೊಮ್ಮೆ ವೈದ್ಯರಿಗೆ ಮೈ ತೋರಿಸಿ ಬರಬೇಕು. ಉಗುರು, ಚರ್ಮ, ಕೆಮ್ಮು ನೋಡಿ ಕಳಿಸುತ್ತಾರೆ. ಹೋದ ವರ್ಷ ಅಲ್ಲಿದ್ದ ಡಾಕ್ಟರಮ್ಮ ಇವರ ತೋಳಿಗೂ ಪಟ್ಟಿ ಸುತ್ತಿದರು. ಒಮ್ಮೆ ನೋಡಿದರು, ಸ್ವಲ್ಪ ಹೊತ್ತು ಕೂರಿಸಿ ಮತ್ತೆ ನೋಡಿದರು. ಬಿಪಿ ಚೆನ್ನಾಗಿಯೇ ಏರಿತ್ತು. ದಿನಾ ಬೆಳಿಗ್ಗೆ ಒಂದು ಮಾತ್ರೆ, ಬಿಡುವ ಹಾಗಿಲ್ಲ ಎಂದು ಬರೆದುಕೊಟ್ಟರು. ನಮ್ಮನೆಯವರಿಗೆ ಅದು ಮಾತ್ರೆಯಾಗಿ ಕಾಣಲಿಲ್ಲ, ಮೇಷ್ಟ್ರ ಮಾತಿಗೆ ಯಾರೋ ಸಾಕ್ಷಿ ಹೇಳಿದ ಹಾಗೆ ಕಂಡಿತು.

ಮೊದಲು ಸ್ವಲ್ಪ ಕಾಲ ನುಂಗಿದರು. ಆಮೇಲೆ ಒಂದು ದಿನ, 'ಸಾಕು, ಈಗ ಸರಿ ಹೋಗಿದೆ' ಎಂದು ನಿಲ್ಲಿಸಿದರು.

'ಸರಿ ಹೋಗಿದೆ ಅಂತ ಯಾರು ಹೇಳಿದ್ದು?'

'ನನ್ನ ಮೈ ನನಗೆ ಗೊತ್ತಿಲ್ವಾ? ತಲೆನೋವಿಲ್ಲ, ಸುಸ್ತಿಲ್ಲ.'

'ಬಿಪಿಗೆ ನೋವಿರಲ್ಲ ರೀ. ಅದಕ್ಕೇ ಅದನ್ನ ಮೆಷಿನ್ನಲ್ಲಿ ನೋಡೋದು.'

'ನೀನ್ಯಾವಾಗ ಡಾಕ್ಟರ್ ಆದೆ?'

ನಾನು ಡಾಕ್ಟರಲ್ಲ. ರೆಡಿಮೇಡ್ ಬಟ್ಟೆ ಅಂಗಡಿಯಲ್ಲಿ ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಸೊಂಟ ಬಿಡಿಸುವುದು ನನ್ನ ಕೆಲಸ. ಅಷ್ಟಕ್ಕೆ ಬೇಕಾದಷ್ಟು ಬುದ್ಧಿ ನನಗಿದೆ. ಹೊಲಿಗೆ ಬಿಟ್ಟುಕೊಂಡ ಬಟ್ಟೆ ಹೊರಗಿನಿಂದ ನೋಡಲು ಚೆನ್ನಾಗಿಯೇ ಇರುತ್ತದೆ, ಬಗ್ಗಿದಾಗ ಹರಿಯುತ್ತದೆ. ಇದನ್ನೇ ಹೇಳಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಇಷ್ಟರಲ್ಲಿ ನನ್ನ ತಮ್ಮ ಅವತಾರವೆತ್ತಿದ. ಅವನು ಜೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ಒಂದು ಕಾಗದವನ್ನು ನೂರು ಮಾಡಿ ಮಾಡಿ ಅಭ್ಯಾಸವಾಗಿರುವುದರಿಂದ, ಮೊಬೈಲಿಗೆ ಬಂದದ್ದನ್ನೂ ಓದದೆ ಎಲ್ಲರಿಗೂ ಕಳಿಸುತ್ತಾನೆ. ಭಾವನ ಬಿಪಿ ಸುದ್ದಿ ಕೇಳಿದ್ದೇ ಒಂದನ್ನು ಕಳಿಸಿದ. 'ದಿನಾ ಡಾರ್ಕ್ ಚಾಕೊಲೇಟ್ ತಿನ್ನಿ. ರಕ್ತನಾಳಗಳು ತೆರೆದುಕೊಳ್ಳುತ್ತವೆ. ಹೃದಯ ಉಕ್ಕಿನಂತಾಗುತ್ತದೆ. ವಿಜ್ಞಾನಿಗಳೇ ಹೇಳಿದ್ದಾರೆ.' ಕೆಳಗೆ ಒಂದು ಕೆಂಪು ಹೃದಯ, ಅದಕ್ಕೆ ಕೈಕಾಲು, ಅದು ಕುಣಿಯುತ್ತಿತ್ತು.

ನಮ್ಮನೆಯವರು ಆ ಸಂದೇಶವನ್ನು ಓದಿದ ರೀತಿ ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು, ಕನ್ನಡಕ ಹಣೆಗೇರಿಸಿ, ಫೋನನ್ನು ದೂರ ಹಿಡಿದು, ಮೊದಲು ಮನಸ್ಸಿನಲ್ಲಿ, ಆಮೇಲೆ ಗಟ್ಟಿಯಾಗಿ, ಮೂರನೆಯ ಸಲ ಪಕ್ಕದ ಮನೆಯ ಮೇಷ್ಟ್ರಿಗೂ ಕೇಳಿಸುವ ಹಾಗೆ ಓದಿದರು. ಮುಖ ಅರಳಿತ್ತು. ಇಷ್ಟು ವರ್ಷ ಊರಿಗೆಲ್ಲ ವಿಷ ಹಂಚುವವನು ಎನ್ನಿಸಿಕೊಂಡವರಿಗೆ, ನಿನ್ನ ಕೈಯಲ್ಲಿರುವುದು ಔಷಧಿ ಎಂದು ಯಾರೋ ಹೇಳಿದ ಹಾಗಾಗಿತ್ತು.

'ನೋಡಿದ್ಯಾ? ದಿನಾ ಬೆಳಿಗ್ಗೆ ನಾನು ಕರಗಿಸೋದೇ ಇದು. ಕಂಕುಳಲ್ಲಿ ಮಗು ಇಟ್ಕೊಂಡು ಊರೆಲ್ಲ ಹುಡುಕಿದ ಹಾಗಾಯ್ತು.'

'ರೀ, ಅದು ನನ್ನ ತಮ್ಮ ಕಳಿಸಿದ್ದು. ಹೋದ ತಿಂಗಳು ಅವನೇ, ತಣ್ಣೀರು ಕುಡಿದ್ರೆ ಮೂಳೆ ಕರಗತ್ತೆ ಅಂತ ಕಳಿಸಿದ್ದ.'

'ಅದು ಬೇರೆ. ಇದು ವಿಜ್ಞಾನ.'

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಇಲ್ಲಿ ವೈದ್ಯರು ಹೇಳಿಯೇ ಇರಲಿಲ್ಲ, ಜೆರಾಕ್ಸ್ ಅಂಗಡಿಯವನು ಹೇಳಿದ್ದ. ಅಂದಿನಿಂದ ಬೇಕರಿಯಲ್ಲಿ ಕೆಲಸ ಶುರು ಮಾಡುವ ಮೊದಲು, ಅಮೃತಶಿಲೆಯ ಹಲಗೆಯ ಮೇಲೆ ಡಾರ್ಕ್ ಸ್ಲ್ಯಾಬ್ ಇಟ್ಟು, ಅಗಲ ಚಾಕುವಿನಿಂದ ಒಂದು ಮೂಲೆ ಒಡೆದು ಬಾಯಿಗೆ ಹಾಕಿಕೊಳ್ಳುವುದು ಇವರ ನಿತ್ಯವಿಧಿಯಾಯಿತು. ಸ್ಲ್ಯಾಬ್ ಎಂದರೆ ಇಟ್ಟಿಗೆಯಷ್ಟು ದಪ್ಪದ ಗಡ್ಡೆ. ಬೇಕರಿಯಲ್ಲಿ ಅದು ಎರಡೇ ಥರ, ಒಂದು ಬಿಳಿ, ಇನ್ನೊಂದು ಡಾರ್ಕ್. ಕೇಕಿನ ಮೇಲೆ ಸುರಿಯುವುದಕ್ಕೆ, ಹೆಸರು ಬರೆಯುವುದಕ್ಕೆ, ತುರಿದು ಉದುರಿಸುವುದಕ್ಕೆ ಎಲ್ಲಕ್ಕೂ ಅದೇ. ಸೇರಿದ ದಿನದಿಂದ ಅವರ ಕೈ ಮುಟ್ಟಿದ್ದೂ ಅದೊಂದನ್ನೇ. ಮನೆಗೂ ಒಂದು ಡಬ್ಬಿಯಲ್ಲಿ ತಂದಿಟ್ಟರು. ಮಾತ್ರೆಯ ಪಟ್ಟಿ ಇದ್ದ ಜಾಗಕ್ಕೆ ಡಬ್ಬಿ ಬಂತು, ಮಾತ್ರೆ ಡಬ್ಬಿಯ ಹಿಂದಕ್ಕೆ ಹೋಯಿತು.

ನಾನು ಏನೇನು ಮಾಡಲಿಲ್ಲ ಹೇಳಿ. ಬೈದೆ. ಮಾತು ಬಿಟ್ಟೆ. ಅವರಿಗೆ ಅದೇ ಹಾಯೆನಿಸುತ್ತಿದೆ ಎಂದು ಗೊತ್ತಾದ ಮೇಲೆ ಮತ್ತೆ ಮಾತು ಶುರು ಮಾಡಿ ಎರಡರಷ್ಟು ಬೈದೆ. ಮಾತ್ರೆಯನ್ನು ತಿಂಡಿಯ ತಟ್ಟೆಯ ಅಂಚಿನಲ್ಲಿಟ್ಟೆ, ತಟ್ಟೆ ಖಾಲಿಯಾಗಿ ಬಂತು, ಮಾತ್ರೆ ಅಂಚಿನಲ್ಲೇ ಇತ್ತು. ಮಗಳ ಕೈಲಿ ಹೇಳಿಸಿದೆ. 'ಅಪ್ಪಾ, ನಿಮಗೇನಾದ್ರೂ ಆದ್ರೆ?' ಎಂದು ಅವಳು ಕಣ್ಣು ತುಂಬಿಕೊಂಡರೆ, ಅವಳ ಬಾಯಿಗೂ ಒಂದು ತುಂಡು ಹಾಕಿ, 'ನೀನೂ ತಿನ್ನು, ಹೃದಯಕ್ಕೆ ಒಳ್ಳೇದು' ಎಂದರು. ಕೋಪ ಬರುತ್ತದೋ ಇಲ್ಲವೋ ನೀವೇ ಹೇಳಿ. ಆ ಹೊತ್ತಿನಲ್ಲಿ ನನ್ನ ಬಿಪಿ ನೋಡಿದ್ದರೆ ಮೆಷಿನ್ನೇ ಸಿಡಿಯುತ್ತಿತ್ತು.

ಕೊನೆಗೆ ಎಳೆದುಕೊಂಡೇ ಡಾಕ್ಟರಮ್ಮನ ಹತ್ತಿರ ಹೋದೆ. ಪಟ್ಟಿ ಸುತ್ತಿದರು, ಗಾಳಿ ತುಂಬಿದರು, ಮುಖ ಗಂಟಿಕ್ಕಿಕೊಂಡರು. ಹೋದ ಸಲಕ್ಕಿಂತ ಜಾಸ್ತಿ.

'ಮಾತ್ರೆ ತಗೋತಿದ್ದೀರಾ?'

'ಹೂಂ' ಎಂದರು ನಮ್ಮನೆಯವರು.

'ಸುಳ್ಳು' ಎಂದೆ ನಾನು. 'ಇವರು ಚಾಕೊಲೇಟ್ ತಗೋತಿದ್ದಾರೆ.'

ಡಾಕ್ಟರಮ್ಮ ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. 'ಅದರಲ್ಲಿ ಸ್ವಲ್ಪ ನಿಜ ಇದೆ' ಎಂದುಬಿಟ್ಟರು. ನಮ್ಮನೆಯವರು ಕುರ್ಚಿಯಲ್ಲಿ ನೆಟ್ಟಗಾಗಿ, ಕೇಳಿಸ್ತಾ ಎನ್ನುವ ಹಾಗೆ ನನ್ನ ಕಡೆ ನೋಡಿದರು.

'ಕೋಕೋ ಬೀಜದಲ್ಲಿ ಫ್ಲೇವನಾಲ್ ಅಂತ ಒಂದು ಅಂಶ ಇದೆ' ಎಂದು ಡಾಕ್ಟರಮ್ಮ ನಿಧಾನವಾಗಿ ಬಿಡಿಸಿ ಹೇಳಿದರು. 'ಅದು ರಕ್ತನಾಳದ ಒಳಪದರಕ್ಕೆ ಸಹಾಯ ಮಾಡತ್ತೆ, ನಾಳ ಸ್ವಲ್ಪ ಸಡಿಲ ಆಗತ್ತೆ. ಪರೀಕ್ಷೆ ಮಾಡಿ ನೋಡಿದ್ದಾರೆ, ಬಿಪಿ ಇಳಿಯೋದೂ ಹೌದು. ಎಷ್ಟು ಅಂದ್ರೆ ಎರಡೋ ಮೂರೋ ಅಂಕಿ. ನಿಮ್ಮದು ಇಳೀಬೇಕಾಗಿರೋದು ಮೂವತ್ತಕ್ಕಿಂತ ಜಾಸ್ತಿ. ಚಾಕೊಲೇಟ್ ತಿನ್ನೋರಲ್ಲಿ ಹೃದಯದ ಕಾಯಿಲೆ ಕಮ್ಮಿ ಅಂತ ಕೆಲವು ಲೆಕ್ಕ ಇದೆ. ಆದರೆ ಅವರು ಬೇರೆ ಏನು ತಿಂತಾರೆ, ಎಷ್ಟು ನಡೀತಾರೆ, ಅದ್ಯಾವುದೂ ಗೊತ್ತಿಲ್ಲದೆ ಚಾಕೊಲೇಟಿಂದಾನೇ ಅಂತ ಹೇಳೋಕಾಗಲ್ಲ. ಅದೂ ಕೋಕೋ ಜಾಸ್ತಿ ಇರೋ ಕಹಿ ಚಾಕೊಲೇಟು, ಬೆರಳಷ್ಟು. ಇಷ್ಟ ಇದ್ರೆ ತಿನ್ನಿ. ಮಾತ್ರೆ ಬದಲಿಗಲ್ಲ, ಮಾತ್ರೆ ಜೊತೆಗೆ. ಅಂದಹಾಗೆ, ಮಾತ್ರೆ ಯಾಕೆ ಬಿಟ್ರಿ? ಏನಾದ್ರೂ ತೊಂದರೆ ಆಯ್ತಾ?'

'ಇಲ್ಲ, ಇಲ್ಲ. ಮರೆತುಹೋಗತ್ತೆ.'

'ಇನ್ಮೇಲೆ ಮರೀಬೇಡಿ.'

ದಾರಿಯುದ್ದಕ್ಕೂ ಇವರು ಹೇಳಿದ್ದು ಒಂದೇ ಮಾತು. 'ಸ್ವಲ್ಪ ನಿಜ ಇದೆ ಅಂದ್ರು, ಕೇಳಿಸ್ಕೊಂಡ್ಯಾ?' ಡಾಕ್ಟರಮ್ಮ ಅಷ್ಟುದ್ದ ಹೇಳಿದ್ದರಲ್ಲಿ ಇವರ ಕಿವಿಗೆ ಬಿದ್ದದ್ದು ಅದೊಂದೇ. ಮನುಷ್ಯ ತನಗೆ ಬೇಕಾದದ್ದನ್ನು ಮಾತ್ರ ಕೇಳಿಸಿಕೊಳ್ಳುವುದು ಹೇಗೆ ಎನ್ನುವುದಕ್ಕೆ ಶಾಲೆ ತೆರೆದರೆ ಇವರನ್ನೇ ಹೆಡ್ ಮಾಸ್ಟರ್ ಮಾಡಬಹುದು. ಮಾತ್ರೆ ಮಾತ್ರ ಡಬ್ಬಿಯ ಹಿಂದೆಯೇ ಉಳಿಯಿತು.

ಆಗ ನನಗೊಂದು ಉಪಾಯ ಹೊಳೆಯಿತು. ಜಗಳವಾಡಿ ಸಾಕಾಗಿತ್ತು, ರಾಜಿ ಮಾಡಿಕೊಳ್ಳೋಣ ಅಂದುಕೊಂಡೆ. ನಾನು ಕೆಲಸ ಮಾಡುವ ಅಂಗಡಿಯ ಪಕ್ಕದ ಸೂಪರ್ ಮಾರ್ಕೆಟ್ಟಿನಲ್ಲಿ, ಡಾಕ್ಟರಮ್ಮ ಹೇಳಿದಂಥದ್ದೇ, ಕೋಕೋ ಜಾಸ್ತಿ ಇರುವ ಒಂದು ಬಾರ್ ಕೊಂಡುತಂದೆ. ಕಪ್ಪು ಕಾಗದ, ಒಳಗೆ ಬೆಳ್ಳಿ ಕಾಗದ. ಭಾನುವಾರ ಬೆಳಿಗ್ಗೆ ಮೇಜಿನ ಮೇಲೆ ಬಾರನ್ನೂ ಮಾತ್ರೆಯನ್ನೂ ಪಕ್ಕಪಕ್ಕದಲ್ಲಿಟ್ಟು, 'ಎರಡನ್ನೂ ತಗೊಳ್ಳಿ. ನಾನು ಬಾಯಿ ಮುಚ್ಕೊಂಡಿರ್ತೀನಿ' ಎಂದೆ.

ಅವರಿಗೆ ಖುಷಿಯಾಯಿತು. ಹೆಂಡತಿ ಸೋತು ಶರಣಾದಳು ಅಂದುಕೊಂಡಿರಬೇಕು. ಒಂದು ಚೌಕ ಮುರಿದು ಬಾಯಿಗೆ ಹಾಕಿಕೊಂಡರು. ಎರಡು ಸಲ ಅಗಿದರು. ಮುಖ ಸಿಂಡರಿಸಿತು. ಎದ್ದು ಹೋಗಿ ಸಿಂಕಿನಲ್ಲಿ ಉಗಿದರು.

'ಕೆಟ್ಟುಹೋಗಿದೆ ಇದು! ವಾಪಸ್ ಕೊಟ್ಟು ಬಾ.'

ಮಗಳು ಒಂದು ಚೂರು ತಿಂದು ನೋಡಿದಳು. 'ಕೆಟ್ಟಿಲ್ಲ ಅಪ್ಪಾ. ಡಾರ್ಕ್ ಚಾಕೊಲೇಟ್ ಇರೋದೇ ಹೀಗೆ.'

'ನನಗೆ ಹೇಳಿಕೊಡ್ತೀಯಾ? ಹುಟ್ಟಿದಾಗಿಂದ ಡಾರ್ಕ್‌ನಲ್ಲೇ ಕೈ ಅದ್ದಿದೀನಿ ನಾನು.'

ಬಿಡುವ ಜನವಲ್ಲ. ಒಲೆ ಹಚ್ಚಿ ಬಿಸಿನೀರಿನ ಪಾತ್ರೆಯ ಮೇಲೆ ಇನ್ನೊಂದು ಪಾತ್ರೆ ಇಟ್ಟು, ಬಾರಿನ ಉಳಿದ ಭಾಗವನ್ನು ಕರಗಿಸಿದರು. ಬಟರ್ ಪೇಪರಿನ ಮೇಲೆ ಒಂದು ಎಲೆ ಬರೆದು ಆರಲು ಬಿಟ್ಟರು. ಬೇಕರಿಯ ಸ್ಲ್ಯಾಬಾದರೆ ಒಂದು ಹಾಡು ಮುಗಿಯುವುದರೊಳಗೆ ಗಟ್ಟಿಯಾಗಿ ಹೊಳೆಯುತ್ತದೆ. ಇದು ಆರಲೇ ಇಲ್ಲ. ಊಟ ಮುಗಿಸಿ ಬಂದು ನೋಡಿದರೂ ಬೆರಳಿಗೆ ಅಂಟುತ್ತಿತ್ತು, ಮೇಲೆ ಬೂದಿ ಬಣ್ಣದ ಗೆರೆ ಎದ್ದಿತ್ತು. ಅವರು ಕುರ್ಚಿ ಎಳೆದುಕೊಂಡು ಆ ಎಲೆಯ ಎದುರಿಗೆ ಕೂತರು.

'ಅಸಲಿ ಚಾಕೊಲೇಟು ಹೀಗೇ ಮಾಡತ್ತಂತೆ' ಎಂದರು ಕೊನೆಗೆ. 'ಹಿಂದೆ ಒಬ್ಬ ಹೋಟೆಲ್ ಮಾಸ್ಟರ್ ಹೇಳಿದ್ದ. ಅದನ್ನ ಹದವಾಗಿ ತಣಿಸಿ, ಮತ್ತೆ ಬೆಚ್ಚಗೆ ಮಾಡಿ ಪಳಗಿಸಬೇಕಂತೆ. ನಮ್ಮದಕ್ಕೆ ಅದೇನೂ ಬೇಡ. ನಮ್ಮದು ಸಕ್ಕರೆ, ವನಸ್ಪತಿ. ಬಣ್ಣಕ್ಕೆ ಒಂದಿಷ್ಟು ಕೋಕೋ ಪುಡಿ. ಎಲ್ರೂ ಡಾರ್ಕ್ ಅಂತಾರೆ, ನಾನೂ ಡಾರ್ಕ್ ಅಂದೆ.'

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಎಲ್ಲರೂ ಹೇಳುತ್ತಾರೆ. ಕಪ್ಪಗಿರುವುದೆಲ್ಲ ಚಾಕೊಲೇಟಲ್ಲ ಎಂದು ಯಾರೂ ಹೇಳಿರಲಿಲ್ಲ. ಬಿಪಿಗೆ ಔಷಧಿಯೆಂದು ಇವರು ಇಷ್ಟು ದಿನ ತಿಂದದ್ದು ಸಕ್ಕರೆ ಮತ್ತು ಡಾಲ್ಡಾ. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಅವರ ಮುಖ ನೋಡಿ ಪಾಪ ಅನ್ನಿಸಿತು. ಹೋಗಲಿ, ಈಗಲಾದರೂ ಬುದ್ಧಿ ಬಂತು ಎಂದು ಸಮಾಧಾನ ಮಾಡಿಕೊಂಡು, ಲೋಟಕ್ಕೆ ನೀರು ಬಗ್ಗಿಸಿ ಮಾತ್ರೆಯನ್ನು ಮುಂದೆ ತಳ್ಳಿದೆ.

ಅವರು ತಲೆ ಎತ್ತಿದರು. ಕಣ್ಣಲ್ಲಿ ಹೊಸ ಬೆಳಕು.

'ಹಾಗಾದ್ರೆ ಅದಕ್ಕೇ ಕಣೇ ಬಿಪಿ ಇಳಿದಿಲ್ಲ! ನಾನು ತಿಂದಿದ್ದು ಅಸಲಿ ಅಲ್ವಲ್ಲ. ಇನ್ಮೇಲೆ ಇದನ್ನ ತಿಂದು ನೋಡೋಣ.'

ನಾನು ಹಣೆ ಹಣೆ ಚಚ್ಚಿಕೊಂಡೆ. ನಿಜವಾಗಿಯೂ ಚಚ್ಚಿಕೊಂಡೆ, ಮಾತಿಗೆ ಹೇಳುತ್ತಿಲ್ಲ. ಮರುದಿನದಿಂದ ಅಂಥದ್ದೇ ಕಹಿ ಬಾರನ್ನು ತಂದಿಟ್ಟುಕೊಂಡು, ಮೂಗು ಹಿಡಿದುಕೊಂಡು, ಕಣ್ಣು ಮುಚ್ಚಿಕೊಂಡು ತಿಂದು, ಹಿಂದೆಯೇ ಒಂದು ಲೋಟ ನೀರು ಕುಡಿಯತೊಡಗಿದರು. 'ಇಷ್ಟು ಕಷ್ಟಪಟ್ಟು ನುಂಗೋದಾದ್ರೆ ಆ ಮಾತ್ರೆ ಏನು ಪಾಪ ಮಾಡಿತ್ತು ರೀ? ಅದಕ್ಕೆ ರುಚೀನೇ ಇಲ್ಲ!' ಎಂದು ಕಿರುಚಿದೆ. 'ಮಾತ್ರೆ ಬೇಡ ಅಂದ್ರೆ ಬೇಡ' ಎಂದು ಅವರೂ ಮೊದಲ ಸಲ ನನ್ನ ಮೇಲೆ ದನಿ ಎತ್ತಿದರು. ಆ ಬೇಡದ ಹಿಂದೆ ಏನೋ ಇದೆ ಎಂದು ನನಗೆ ಅನ್ನಿಸಿತು. ಕೇಳಿದೆ. ಏನಿಲ್ಲ ಎಂದರು. ಗಂಡಸರ ಏನಿಲ್ಲ ಎನ್ನುವ ಮಾತಿಗೆ ಬೀಗದ ಕೈ ಮಾಡುವವರು ಇನ್ನೂ ಹುಟ್ಟಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ನಾನು ಅಂಗಡಿಯಲ್ಲಿ ಯಾರದೋ ಪ್ಯಾಂಟಿನ ತುದಿ ಮಡಿಸಿ ಗುಂಡುಸೂಜಿ ಚುಚ್ಚುತ್ತಿದ್ದೆ. ಫೋನು ಬಂತು. ಬೇಕರಿಯಲ್ಲಿ ಬಿಲ್ಲು ಹಾಕುವವಳು, ಎಲ್ಲರೂ ಕೌಂಟರಕ್ಕ ಎಂದು ಕರೆಯುವವಳು.

'ಅಕ್ಕಾ, ಸ್ವಲ್ಪ ಬೇಗ ಬನ್ನಿ. ಮಾಸ್ಟರ್ ಕೈಲಿ ಹೆಸರು ಬರೆಯೋಕಾಗ್ತಿಲ್ಲ.'

ಬಾಯಲ್ಲಿದ್ದ ಸೂಜಿಗಳನ್ನು ಅಲ್ಲೇ ಉಗಿದು ಓಡಿದೆ. ಓವನ್ ಕೋಣೆಯಲ್ಲಿ, ಮೈದಾ ಮೂಟೆಗೆ ಒರಗಿಕೊಂಡು ಅವರು ಕೂತಿದ್ದರು. ಬಲಗೈ ತೊಡೆಯ ಮೇಲಿತ್ತು, ಬೆರಳ ಸಂದಿಯಲ್ಲಿ ಕೋನು ಇನ್ನೂ ಇತ್ತು, ಚಾಕೊಲೇಟು ಪ್ಯಾಂಟಿನ ಮೇಲೆ ಸುರಿದಿತ್ತು. ಮೇಜಿನ ಮೇಲಿನ ಕೇಕಿನಲ್ಲಿ ಯಾರದೋ ಹೆಸರಿನ ಮೊದಲ ಅಕ್ಷರ ಮುತ್ತಿನ ಹಾಗಿತ್ತು. ಎರಡನೆಯದು ಜಾರಿ ಕೇಕಿನ ಅಂಚು ದಾಟಿ ಕೆಳಗಿಳಿದಿತ್ತು. ನನ್ನನ್ನು ನೋಡಿ ಏನೋ ಹೇಳಿದರು. ನಾಲಿಗೆ ದಪ್ಪವಾಗಿತ್ತು, ಮಾತು ಉಂಡೆ ಉಂಡೆಯಾಗಿ ಬಂತು. ಬಗ್ಗಿ ಕೇಳಿದರೆ ಅವರು ಹೇಳುತ್ತಿದ್ದದ್ದು, 'ಕೇಕ್... ಬೇರೆ ಮಾಡಿಕೊಡು ಅಂತ ಹೇಳು.'

ಅಯ್ಯೋ ದೇವರೇ! ಆ ಹೊತ್ತಿನಲ್ಲೂ ಕೇಕು!

ಆಸ್ಪತ್ರೆಯಲ್ಲಿ ಬೇಗ ನೋಡಿದರು. ತಲೆಯ ಸ್ಕ್ಯಾನ್ ಮಾಡಿದರು. ಮೆದುಳಿನೊಳಗಿನ ಒಂದು ಸಣ್ಣ ರಕ್ತನಾಳ ಮುಚ್ಚಿಕೊಂಡಿದೆ, ಬಿಪಿ ವರ್ಷಗಟ್ಟಲೆ ಏರಿಯೇ ಇದ್ದರೆ ಇಂಥ ಸಣ್ಣ ನಾಳಗಳು ಒಳಗೇ ಹಾಳಾಗುತ್ತವೆ ಎಂದರು. ಜೀವಕ್ಕೆ ಅಪಾಯವಿಲ್ಲ, ಮಾತು ಸರಿಹೋಗುತ್ತದೆ, ಕೈ ಎಷ್ಟು ಬರುತ್ತದೋ ನೋಡಬೇಕು ಎಂದರು. ವಾರ್ಡಿನ ಡಾಕ್ಟರು ಹಾಸಿಗೆಯ ಪಕ್ಕ ನಿಂತು, ನನ್ನ ತಮ್ಮನಷ್ಟೇ ವಯಸ್ಸಿನವರು, ಸಾಮಾನ್ಯ ದನಿಯಲ್ಲಿ ಕೇಳಿದರು.

'ಮಾತ್ರೆ ಯಾಕೆ ನಿಲ್ಲಿಸಿದ್ರಿ?'

ನಮ್ಮನೆಯವರು ನನ್ನ ಕಡೆ ನೋಡಿದರು, ಛಾವಣಿ ಕಡೆ ನೋಡಿದರು. ಸುಳ್ಳು ಹೇಳಲು ಬೇಕಾದಷ್ಟು ನಾಲಿಗೆ ಆಗ ಅವರಿಗೆ ಹೊರಳುತ್ತಿರಲಿಲ್ಲವೋ ಏನೋ, ನಿಜ ಹೇಳಿದರು.

'ಕಾಲು... ಊದ್ತಿತ್ತು.'

'ಓ, ಅದಾ? ಆ ಮಾತ್ರೆಗೆ ಕೆಲವರಿಗೆ ಹಾಗಾಗತ್ತೆ. ಹೇಳಿದ್ರೆ ಅವತ್ತೇ ಬೇರೆ ಕೊಡ್ತಿದ್ರಲ್ಲ. ಬೇಕಾದಷ್ಟು ಥರ ಇದೆ' ಎಂದು ಡಾಕ್ಟರು ಹೊಸ ಮಾತ್ರೆ ಬರೆದು ಪಕ್ಕದ ಹಾಸಿಗೆಗೆ ಹೋದರು.

ಅಷ್ಟೇ. ಇಷ್ಟೆಲ್ಲ ಜಗಳ, ಕಣ್ಣೀರು, ಸ್ಲ್ಯಾಬು, ಬಾರು, ಕುಣಿಯುವ ಹೃದಯ, ಎಲ್ಲವೂ ಒಂದು ಮಾತಿನಲ್ಲಿ ಮುಗಿಯಬಹುದಿತ್ತು. ಆ ಮಾತು ಇವರ ಬಾಯಿಂದ ಬರಲಿಲ್ಲ. ನನಗೆ ಬಂದ ಸಿಟ್ಟಿಗೆ ಅಲ್ಲಿದ್ದ ನೀರಿನ ಜಗ್ಗನ್ನು ಎತ್ತಿ ಎಸೆಯಬೇಕೆನಿಸಿತು.

'ಡಾಕ್ಟರಮ್ಮ ಕೇಳಿದ್ರು. ನಾನು ಕೇಳ್ದೆ. ಬಾಯಿಗೇನು ಬೀಗ ಹಾಕಿತ್ತಾ ರೀ? ಕಾಲು ಊದ್ತಿದೆ ಅನ್ನೋಕೆ ಏನಾಗಿತ್ತು?'

ಒಂದೊಂದೇ ಮಾತನ್ನು ಹುಡುಕಿ ಜೋಡಿಸಿ ಹೇಳಿದರು. 'ದಿನವೆಲ್ಲ ನಿಂತು ಮಾಡೋ ಕೆಲಸ. ಸಂಜೆ ಹೊತ್ತಿಗೆ ಶೂ ಹಿಡೀತಿರಲಿಲ್ಲ. ಕಾಲು ಊದಿದೆ ಅಂತ ಗೊತ್ತಾದ್ರೆ... ಮಾಲೀಕರು ಕೌಂಟರಲ್ಲಿ ಕೂರಿಸ್ತಾರೆ. ನನ್ನ ಕೋನು ಬೇರೆ ಯಾರೋ ಹಿಡೀತಾರೆ.'

ಬೈಯಲು ಬಾಯಿ ತೆರೆದೆ, ಅಳು ಬಂತು. ವಾರ್ಡಿನಲ್ಲಿ ಎಲ್ಲರೆದುರಿಗೆ, ನಾಚಿಕೆ ಬಿಟ್ಟು, ಗಟ್ಟಿಯಾಗಿ ಅತ್ತೆ. 'ಕೋನು ಹಾಳಾಗಿ ಹೋಗ್ಲಿ. ನನಗೆ ನೀವು ಬೇಕು ಕಣ್ರೀ' ಎಂದೆ. ಇಷ್ಟು ವರ್ಷದಲ್ಲಿ ಅವರಿಗೆ ನಾನು ಇದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವರು ಎಡಗೈಯಿಂದ ನನ್ನ ಕೈ ಹಿಡಿದುಕೊಂಡರು. ಬಲಗೈ ಹಾಸಿಗೆಯ ಮೇಲೆ ಹಾಗೇ ಇತ್ತು.

ಮಾತು ಬಂತು. ಊಟ ಮಾಡುವಷ್ಟು, ಗುಂಡಿ ಹಾಕುವಷ್ಟು ಕೈಯೂ ಬಂತು. ಹೆಸರು ಬರೆಯುವಷ್ಟು ಬರಲಿಲ್ಲ. ಮನೆಯಲ್ಲಿ ಟ್ರೇ ತಿರುಗಿಸಿ ಇಟ್ಟುಕೊಂಡು ಕ್ರೀಮಿನಲ್ಲಿ ಎಳೆದು ನೋಡಿದರು. ಗೆರೆ ನಡುಗಿತು. ಕೆರೆದು ಮತ್ತೆ ಎಳೆದರು, ಮತ್ತೆ ನಡುಗಿತು. ಟ್ರೇ ತೊಳೆದು ಒರೆಸಿ ಎತ್ತಿಟ್ಟರು. ಮಾಲೀಕರು ಒಳ್ಳೆಯವರೇ, ಕೌಂಟರಿನಲ್ಲಿ ಕುರ್ಚಿ ಹಾಕಿಕೊಟ್ಟಿದ್ದಾರೆ. ಕೌಂಟರಕ್ಕ ಬಿಲ್ಲು ಹಾಕುತ್ತಾಳೆ, ಇವರು ಡಬ್ಬಕ್ಕೆ ದಾರ ಕಟ್ಟಿ ಕೊಡುತ್ತಾರೆ. ಒಳಗಿನಿಂದ ಹೆಸರು ಬರೆದ ಕೇಕು ಬಂದಾಗ ಮುಚ್ಚಳ ಹಾಕುವ ಮೊದಲು ಒಂದು ಕ್ಷಣ ನೋಡುತ್ತಾರಂತೆ. ಇದನ್ನು ಕೌಂಟರಕ್ಕ ನನಗೆ ಹೇಳಿದಳು. ಯಾಕಾದರೂ ಹೇಳಿದಳೋ.

ಈಗ ನಮ್ಮ ಮನೆಯಲ್ಲಿ ಜಗಳವಿಲ್ಲ. ನನ್ನ ತಮ್ಮ ಬಂದು ಅತ್ತು, ಇನ್ನು ಯಾರಿಗೂ ಏನೂ ಕಳಿಸುವುದಿಲ್ಲ ಎಂದು ಆಣೆ ಮಾಡಿ ಹೋಗಿದ್ದಾನೆ. ಮೇಷ್ಟ್ರು ಪಾಪ, ದಿನಾ ಸಂಜೆ ಇವರ ಜೊತೆ ವಾಕಿಂಗ್ ಹೋಗುತ್ತಾರೆ. ಕಾಲು ಊದುತ್ತಿಲ್ಲ. ಬಿಪಿ ಎಲ್ಲಿರಬೇಕೋ ಅಲ್ಲಿದೆ. ಡಾಕ್ಟರಮ್ಮ ಶಭಾಷ್ ಎಂದರು, ನನಗೋ ಅವರಿಗೋ ಗೊತ್ತಾಗಲಿಲ್ಲ. ನಾನು ಗೆದ್ದೆ ಎಂದೇ ಹೇಳಬೇಕು. ಗೆದ್ದು ಏನು ಮಾಡಲಿ? ಬೇಡ ಎಂದು ಹಟ ಹಿಡಿಯುತ್ತಿದ್ದ ಆ ಮನುಷ್ಯ ಎಲ್ಲಿ ಹೋದ ಎಂದು ಮನೆಯೆಲ್ಲ ಹುಡುಕುವ ಹಾಗಾಗಿದೆ ನನಗೆ.

ಇವತ್ತು ಬೆಳಿಗ್ಗೆಯೂ ಅಷ್ಟೇ. ನಾನು ಕರೆಯುವ ಮೊದಲೇ ಅಡುಗೆಮನೆಗೆ ಬಂದರು. ಪಟ್ಟಿಯಿಂದ ಮಾತ್ರೆ ಬಿಡಿಸಲು ಬೆಳಗಿನ ಹೊತ್ತು ಬಲಗೈ ಕೇಳುವುದಿಲ್ಲ, ನಾನೇ ಬಿಡಿಸಿಕೊಟ್ಟೆ. 'ಇವತ್ತೂ ಏನೂ ಗೊಣಗಲ್ವಾ ರೀ?' ಎಂದು ಕೆಣಕಿದೆ. ಇಲ್ಲ ಎಂದು ತಲೆಯಾಡಿಸಿದರು. ನೀರು ಕುಡಿದು ನುಂಗಿದರು. ಆಮೇಲೆ, ಆಸ್ಪತ್ರೆಯಲ್ಲಿ ನರ್ಸ್ ಅಭ್ಯಾಸ ಮಾಡಿಸಿದ್ದ ಹಾಗೆ, ನುಂಗಿದ್ದೇನೆ ಎಂದು ತೋರಿಸಲು ಬಾಯಿ ದೊಡ್ಡದಾಗಿ ತೆರೆದು, ನಾಲಿಗೆ ಎತ್ತಿ, ನನ್ನ ಮುಂದೆ ನಿಂತರು. ನಾನು ಕೇಳಿರಲಿಲ್ಲ.

'ಮುಚ್ರೀ ಬಾಯಿ, ಯಾರು ಕೇಳಿದ್ರು ನಿಮ್ಮನ್ನ?' ಎಂದು ರೇಗಿದೆ.

ಅವರು ಮುಚ್ಚಿದರು.